ಗಂಟೆ ಹೊಡೆಯಿತಾ?

ನಮ್ಮೂರ ಗಂಟೆಯನ್ನು ಯಾರೂ ಬಾರಿಸುವುದಿಲ್ಲ. ಅದಕ್ಕೆ ಹಗ್ಗವೇ ಇಲ್ಲ. ಕಡಲಾಚೆಯ ದೇಶದಲ್ಲಿ ಮೈಬಣ್ಣದ ಕಾರಣಕ್ಕೆ ಯಾರನ್ನಾದರೂ ಬೈದರೆ, ನೂಕಿದರೆ, ಹೊರಗೆ ನಿಲ್ಲಿಸಿದರೆ ಅದು ತಾನಾಗಿ ಹೊಡೆದುಕೊಳ್ಳುತ್ತದೆ. ಚುಚ್ಚು ಮಾತಿಗೆ ಒಂದು ಪೆಟ್ಟು, ಕೈ ಮಾಡಿದರೆ ಏಳೆಂಟು, ಜೀವ ಹೋದರೆ ಒಂದು ತಾಸು. ಗಂಟೆ ಕೇಳಿಸಿದೊಡನೆ ಊರೆಲ್ಲ ಇದ್ದಲ್ಲೇ ಎದ್ದು ನಿಲ್ಲಬೇಕು. ತಲೆಯ ಮೇಲಿನ ರುಮಾಲು ಕೈಗೆ ಬರಬೇಕು. ತಕ್ಕಡಿ ಎತ್ತಿದ ಶೆಟ್ಟರು ತಕ್ಕಡಿ ಎತ್ತಿಕೊಂಡೇ ನಿಲ್ಲುತ್ತಾರೆ, ಕ್ಷೌರಕ್ಕೆ ಕೂತವನು ಅರ್ಧ ಕೆನ್ನೆಯ ನೊರೆಯೊಂದಿಗೇ ನಿಲ್ಲುತ್ತಾನೆ. ಒಲೆಯ ಮೇಲೆ ಹಾಲು ಉಕ್ಕಿ ಹೋದರೂ ಹೆಂಗಸರು ಕದಲುವುದಿಲ್ಲ. ನಾದ ಪೂರ್ತಿ ಅಡಗಿದ ಮೇಲೆ ಯಾರಾದರೂ ಹಿರಿಯರು "ಅಯ್ಯೋ, ಪಾಪ" ಎನ್ನುತ್ತಾರೆ. ಆಮೇಲೆ ಊರು ಮತ್ತೆ ತನ್ನ ಕೆಲಸಕ್ಕೆ ಹೋಗುತ್ತದೆ.

ಈ ವಿಷಯದಲ್ಲಿ ನಮ್ಮೂರನ್ನು ಆಡಿಕೊಳ್ಳುವ ಹಾಗಿಲ್ಲ. ಆ ನಿಲ್ಲುವುದರಲ್ಲಿ ಕಪಟವಿರಲಿಲ್ಲ, ನಾನು ಗೋಪುರದ ಮೇಲಿಂದ ಇಪ್ಪತ್ತೆರಡು ವರ್ಷ ನೋಡಿದ್ದೇನೆ. ಹದಿನೈದು ದಿನಕ್ಕೊಮ್ಮೆ ಕಡಲಾಚೆಯ ಪೇಪರು ಬಂದಾಗ ಊರ ಯಜಮಾನರಾದ ಪರಮೇಶಪ್ಪನವರು ಚಾವಡಿಯಲ್ಲಿ ಕೂತು, ಯಾವ ದಿನದ ಗಂಟೆ ಯಾವ ಅನ್ಯಾಯಕ್ಕೆ ಹೊಡೆಯಿತೆಂದು ಹೊಂದಿಸಿ ಓದುತ್ತಿದ್ದರು. ಓದುವಾಗ ನಡುನಡುವೆ ಪೇಪರು ಕೆಳಗಿಟ್ಟು ಕಣ್ಣೊರೆಸಿಕೊಳ್ಳುತ್ತಿದ್ದರು. ಗಿರಿಜಮ್ಮ ಎಂಬ ಹೆಂಗಸಂತೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ತನ್ನ ಒಡಹುಟ್ಟಿದವರೇ ಹೋದ ಹಾಗೆ ಅಳುತ್ತಿದ್ದಳು. "ಎಂಥಾ ಜನಾನೋ ಅವ್ರು. ಬಣ್ಣ ನೋಡಿ ಮನುಷ್ಯನ್ನ ಅಳೀತಾರಲ್ಲ!" ಎಂದು ಊರಿಗೆ ಊರೇ ಕಡಲಾಚೆಯವರಿಗೆ ಹಿಡಿಶಾಪ ಹಾಕುತ್ತಿತ್ತು. ಆಚೆಕೇರಿಯ ನಾವು ಚಾವಡಿಯ ಮೆಟ್ಟಿಲ ಕೆಳಗೆ, ಅಂಗಳದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆವು. ಮೆಟ್ಟಿಲು ಹತ್ತುವ ಪದ್ಧತಿ ನಮಗಿಲ್ಲ. ಕೇಳಿ ನಾವೂ ಅಳುತ್ತಿದ್ದೆವು.

ನನ್ನ ಹೆಸರು ಕೆಂಚಯ್ಯ. ಹೆಸರಿಗೆ ಕೆಂಚ, ಮೈ ಇದ್ದಿಲು. ಗೋಪುರದ ಮೇಲೆ ಬಾವಲಿ ಹಿಕ್ಕೆ ಗುಡಿಸಿ ಗಂಟೆ ಒರೆಸುವುದು ನಮ್ಮಪ್ಪನ ಕೆಲಸವಾಗಿತ್ತು, ಅವನಿಂದ ನನಗೆ ಬಂತು. ಗಂಟೆ ಪುಸ್ತಕ ಬರೆಯಲು ಮೊದಲು ಬೇರೆ ಗುಮಾಸ್ತರಿದ್ದರು. ಅವರಿಗೆ ನೂರಾ ಹತ್ತು ಮೆಟ್ಟಿಲು ಹತ್ತಿದರೆ ತಲೆ ಸುತ್ತುತ್ತಿತ್ತು. ಹೇಗೂ ನಾಲ್ಕಕ್ಷರ ಕಲಿತಿದ್ದಾನೆ, ಒರೆಸುವವನೇ ಬರೆದುಕೊಳ್ಳಲಿ ಎಂದು ಪುಸ್ತಕ ನನ್ನ ಕೈಗೆ ಕೊಟ್ಟರು. ದಿನ, ಹೊತ್ತು, ಎಷ್ಟು ಪೆಟ್ಟು. ಅಷ್ಟೇ ಬರೆಯುವುದು. ಒಂದು ಪೆಟ್ಟನ್ನೂ ನಾನು ಹೆಚ್ಚು ಬರೆದವನಲ್ಲ, ಕಡಿಮೆ ಬರೆದವನಲ್ಲ. ಬಡವನಿಗೆ ಬೇರೆ ಏನಿರುತ್ತದೆ, ಅದೊಂದು ಜಂಬ ನನಗಿತ್ತು.

ಗಂಟೆ ಪುಸ್ತಕಕ್ಕೆ ಇನ್ನೊಂದು ಉಪಯೋಗವಿತ್ತು. ನಮ್ಮ ಕೇರಿಯವರು ಯಾರಾದರೂ, ಊರಿನವರು ತಮ್ಮನ್ನು ಕೀಳಾಗಿ ಕಂಡರೆಂದು ದೂರು ತಂದರೆ ಯಜಮಾನರು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಗಂಟೆ ಹೊಡೀತಾ?" ನಾನು ಪುಸ್ತಕ ತೆರೆದು ನೋಡಿ, ಹೊಡೆದಿಲ್ಲ ಬುದ್ಧಿ ಎನ್ನುತ್ತಿದ್ದೆ. ದೂರು ಅಲ್ಲಿಗೆ ಮುಗಿಯುತ್ತಿತ್ತು. ಎಷ್ಟು ದೂರುಗಳನ್ನು ಹೀಗೆ ಮುಗಿಸಿದೆನೋ ನನಗೆ ನೆನಪಿಲ್ಲ, ಏಕೆಂದರೆ ಅವನ್ನು ಬರೆದಿಡುವ ಪುಸ್ತಕ ಯಾವುದೂ ಇರಲಿಲ್ಲ.

ನನ್ನ ಮಗಳು ಸಾಕಮ್ಮ. ತಾಯಿ ಇಲ್ಲದೆ ಬೆಳೆದವಳು, ಹಟಮಾರಿ, ಕೈರುಚಿಯವಳು. ಶಾಲೆಯ ಬಿಸಿಯೂಟಕ್ಕೆ ಅಡುಗೆಯವಳು ಬೇಕೆಂದು ಪರೀಕ್ಷೆ ಇಟ್ಟಾಗ ಹನ್ನೊಂದು ಜನರಲ್ಲಿ ಅವಳೇ ಮೊದಲು ಬಂದಳು. ಮೊದಲ ದಿನ ನಸುಕಿಗೇ ಎದ್ದು ಮೈ ತೊಳೆದು, ಹೊಸ ಸೀರೆ ಉಟ್ಟು, ನನ್ನ ಕಾಲಿಗೆ ಬಿದ್ದು ಹೋದಳು. ಅವತ್ತು ಮೇಲಿನಿಂದ ಶಾಲೆಯ ಹೊಗೆ ನೋಡುತ್ತ, ನನ್ನ ಮಗಳು ಹಚ್ಚಿದ ಒಲೆ ಎಂದು ಹಿಗ್ಗಿದೆ.

ಮರುದಿನದಿಂದ ಮಕ್ಕಳ ಕೈಯಲ್ಲಿ ಮನೆಯ ಬುತ್ತಿ ಕಾಣಿಸತೊಡಗಿತು. ಮೂರನೆಯ ದಿನ ಅವಳ ಅನ್ನ ಉಂಡವರು ನಮ್ಮ ಕೇರಿಯ ಒಂಬತ್ತು ಮಕ್ಕಳು ಮಾತ್ರ. ಅದಾದ ಸೋಮವಾರ ಮಧ್ಯಾಹ್ನ ಗಿರಿಜಮ್ಮ ಮತ್ತು ನಾಲ್ವರು ತಾಯಂದಿರು ಶಾಲೆಗೆ ಬಂದರು. ಸೊಪ್ಪಿನ ಸಾರಿನ ದೊಡ್ಡ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಎತ್ತಿ ಚರಂಡಿಗೆ ಸುರಿದರು. ಬಟ್ಟೆ ಹಿಡಿದದ್ದು ಬಿಸಿಯ ಕಾರಣಕ್ಕಲ್ಲ, ಸಾರು ಆಗಲೇ ಆರಿತ್ತು. ಅನ್ನದ ತಪ್ಪಲೆಯನ್ನೂ ಬೋರಲು ಹಾಕಿದರು. ಸಾಕಮ್ಮ ಸೌಟು ಹಿಡಿದು ನಿಂತೇ ಇದ್ದಳಂತೆ. ಅವಳಿಗೆ ಯಾರೂ ಒಂದು ಮಾತೂ ಅನ್ನಲಿಲ್ಲ, ಅವಳ ಕಡೆ ನೋಡಲೂ ಇಲ್ಲ.

ಸಾಕಮ್ಮ ದೂರು ತೆಗೆದುಕೊಂಡು ಚಾವಡಿಗೆ ಹೋದಳು. ನನಗೂ ಬುಲಾವು ಬಂತು. ಮಗಳು ಅಂಗಳದಲ್ಲಿ ಈ ಕಡೆ, ನಾನು ಪುಸ್ತಕ ಹಿಡಿದು ಆ ಕಡೆ.

"ಸೋಮವಾರ ಮಧ್ಯಾಹ್ನ ಗಂಟೆ ಹೊಡೀತಾ ಕೆಂಚ?" ಯಜಮಾನರು ಕೇಳಿದರು.

"ಇಲ್ಲ ಬುದ್ಧಿ."

"ಸರಿಯಾಗಿ ನೋಡು."

ನೋಡಿದೆ. ಭಾನುವಾರ ಸಂಜೆ ನಾಲ್ಕು ಪೆಟ್ಟು, ಮಂಗಳವಾರ ಬೆಳಿಗ್ಗೆ ಒಂದು. ನಡುವೆ ಏನಿಲ್ಲ.

ಯಜಮಾನರು ಸಿಟ್ಟಿನವರಲ್ಲ. ಮಗುವಿಗೆ ಹೇಳುವ ಹಾಗೆ ಹೇಳಿದರು. "ನೋಡವ್ವ ಸಾಕಮ್ಮ, ಏಳು ಸಮುದ್ರದಾಚೆ ಯಾರಿಗೋ ನೋವಾದ್ರೆ ಈ ಗಂಟೆಗೆ ಗೊತ್ತಾಯ್ತದೆ. ನೀನಿರೋದು ಅದರ ಕಾಲ ಬುಡದಲ್ಲಿ. ನಿನಗೆ ಅನ್ಯಾಯ ಆಗಿದ್ರೆ ಅದು ಸುಮ್ನಿರ್ತಿತ್ತಾ? ಮಕ್ಕಳಿಗೆ ನಿನ್ನ ಸಾರು ಹಿಡಿಸ್ನಿಲ್ಲ. ಇದು ರುಚಿ ವಿಷಯ ಕಣವ್ವ, ಇದಕ್ಕೆ ಅನ್ಯಾಯ ಅಂತ ಹೆಸರಿಡಬೇಡ. ಮುಂದಿನ ತಿಂಗಳು ಕಡಲಾಚೆಯಿಂದ ಅತಿಥಿಗಳು ಬರ್ತಾವ್ರೆ. ಅವರು ಬಂದು ಹೋಗೋಗಂಟ ನೀನು ಮನೇಲಿರು, ಆಮೇಲೆ ತೀರ್ಮಾನ ಮಾಡಾನ."

ದಾರಿಯಲ್ಲಿ ಸಾಕಮ್ಮ ಕೇಳಿದಳು. "ಅಪ್ಪಾ, ಹೊಡೀತು ಅಂದಿದ್ರೆ?"

"ಊರಿಗೆಲ್ಲ ಕಿವಿ ಇಲ್ವೇನವ್ವ?"

"ಒಂದೇ ಒಂದು ಪೆಟ್ಟು, ಮೆತ್ತಗೆ. ನಿನಗೆ ಮಾತ್ರ ಕೇಳಿಸ್ತು ಅನ್ನಬಹುದಿತ್ತು."

"ಸುಳ್ಳು ಬರೆಯೋ ಕೈಯಲ್ಲ ಇದು," ಎಂದೆ. ಅವಳು ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ.

ಅತಿಥಿಗಳು ಬರುವ ದಿನ ಊರು ಮಾವಿನ ತೋರಣ ಕಟ್ಟಿತು. ನಮಗೆ ಕೃತಜ್ಞತೆ ಹೇಳಲು ಬರುತ್ತಿದ್ದಾರೆಂದೇ ಎಲ್ಲರ ಎಣಿಕೆ. ಬಂದವರು ಮೂವರು. ಹಾಲಿನ ಬಣ್ಣದ ಎತ್ತರದ ದೊಡ್ಡ ಮನುಷ್ಯರೊಬ್ಬರು, ಎರಡೂ ಭಾಷೆ ಬಲ್ಲ ಮುದುಕ ದುಭಾಷಿ, ಮತ್ತು ಯೆಮೋನಾ ಎಂಬ ಐವತ್ತರ ಹೆಂಗಸು. ಆಕೆ ಕಪ್ಪಗಿದ್ದಳು. ನನ್ನ ಮಗಳಿಗಿಂತ ಒಂದು ಕೈ ಹೆಚ್ಚೇ ಕಪ್ಪು. ಆಕೆ ಗಾಡಿಯಿಂದ ಇಳಿದದ್ದೇ ತಡ, ಜನ ಮುಗಿಬಿದ್ದರು. ಆಕೆಯ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಗಿರಿಜಮ್ಮ ಆಕೆಯನ್ನು ತಬ್ಬಿಕೊಂಡು "ಎಷ್ಟು ನೋವು ತಿಂದೆಯೇ ತಾಯಿ" ಎಂದು ಗೊಳೋ ಎಂದು ಅತ್ತಳು. ಚಾವಡಿಯ ಒಳಗೆ ಮೊದಲ ಸಾಲಿನಲ್ಲಿ, ಯಜಮಾನರ ಪಕ್ಕದಲ್ಲೇ ಆಕೆಗೆ ಎಲೆ ಹಾಕಿ ಹೋಳಿಗೆ ಬಡಿಸಿದರು. ನಾನು, ಸಾಕಮ್ಮ ಅಂಗಳದಿಂದ ನೋಡುತ್ತಿದ್ದೆವು.

"ಕಡಲು ದಾಟಿ ಬಂದ್ರೆ ನನ್ನನ್ನೂ ಒಳಗೆ ಕೂರಿಸ್ತಿದ್ರೇನೋ," ಎಂದಳು ಸಾಕಮ್ಮ.

ಊಟವಾದ ಮೇಲೆ ದೊಡ್ಡ ಮನುಷ್ಯರು ಎದ್ದು ನಿಂತರು. ದುಭಾಷಿ ನಮ್ಮ ಮಾತಿನಲ್ಲಿ ಹೇಳುತ್ತ ಹೋದ. ಕಡಲಾಚೆ ಅವರ ಊರಿನಲ್ಲೂ ಒಂದು ಗಂಟೆ ಇದೆಯಂತೆ. ಅದಕ್ಕೂ ಹಗ್ಗವಿಲ್ಲವಂತೆ. "ಅದು ನಿಮ್ಮೂರಿಗಾಗಿ ಹೊಡೆಯುತ್ತದೆ. ನಲವತ್ತು ವರ್ಷಗಳಿಂದ ನಾವು ನಿಮಗಾಗಿ ಎದ್ದು ನಿಲ್ಲುತ್ತಿದ್ದೇವೆ. ನಮ್ಮ ಮಕ್ಕಳು ಮಲಗುವ ಮುಂಚೆ ನಿಮ್ಮ ಪಾಲಿಗೆ ಪ್ರಾರ್ಥನೆ ಮಾಡುತ್ತಾರೆ. ಹುಟ್ಟಿನ ಕಾರಣಕ್ಕೆ ಇಷ್ಟೊಂದು ಜನರನ್ನು ಇಷ್ಟೊಂದು ಸಲ ನೋಯಿಸುವ ಊರನ್ನು ಕಣ್ಣಾರೆ ನೋಡಿ ಸಾಂತ್ವನ ಹೇಳಲು ಬಂದಿದ್ದೇವೆ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಲವರು ಇನ್ನೂ ನಗುಮುಖದಲ್ಲೇ ಇದ್ದರು, ದುಭಾಷಿ ಏನೋ ಹೆಚ್ಚುಕಡಿಮೆ ಹೇಳಿದನೆಂದು.

"ನಮಗಾಗಿಯಾ?" ಯಜಮಾನರು ಕೇಳಿದರು. "ನಮಗೇನಾಗದೆ?" ಆಮೇಲೆ ಗಂಟಲು ಸರಿಮಾಡಿಕೊಂಡು, "ಅದಿರ್ಲಿ ಸ್ವಾಮಿ, ನಿಮ್ಮಲ್ಲಿ ನಡೆಯೋದಕ್ಕೆ ಏನಂತೀರಿ?" ಎಂದರು.

ದೊಡ್ಡ ಮನುಷ್ಯರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ನಮ್ಮಲ್ಲಿಯೆ? ಹಿಂದಿನ ಕಾಲದಲ್ಲಿ ಇತ್ತು. ಈಗ ಅಲ್ಲೊಂದು ಇಲ್ಲೊಂದು ಸಣ್ಣಪುಟ್ಟದ್ದು. ಅಂಥದ್ದೇನಾದರೂ ಇದ್ದಿದ್ದರೆ ನಮ್ಮ ಗಂಟೆಗೆ ಗೊತ್ತಾಗುತ್ತಿರಲಿಲ್ಲವೆ?"

ಯೆಮೋನಾ ತನ್ನ ಎಲೆಯನ್ನೇ ನೋಡುತ್ತ ಕೂತಿದ್ದಳು. ಸಾಕಮ್ಮ ನನ್ನ ಕಿವಿಯಲ್ಲಿ, "ತನ್ನೆಲೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಬೇರೆಯವರ ಎಲೆ ನೊಣಕ್ಕೆ ಬೆರಳು ತೋರಿಸ್ತಾರೆ ಅಂತಾರಲ್ಲಪ್ಪ, ಇಲ್ಲಿ ಎರಡೆಲೇಲೂ ಹೆಗ್ಗಣವೇ," ಎಂದಳು.

ಸಂಜೆ ಯೆಮೋನಾ ಗೋಪುರ ಹತ್ತಿ ಬಂದಳು. ಆಕೆಯೂ ಅಲ್ಲಿ ಗಂಟೆ ಒರೆಸುವವಳು, ಪುಸ್ತಕ ಬರೆಯುವವಳು. ದುಭಾಷಿ ಮುದುಕ ಏದುಸಿರು ಬಿಡುತ್ತ ಕೊನೆಯ ಮೆಟ್ಟಿಲ ಮೇಲೆ ಕೂತು ಮಾತು ದಾಟಿಸಿದ. ನನ್ನ ಪುಸ್ತಕ ಅವಳ ತೊಡೆಯ ಮೇಲೆ, ಅವಳದು ನನ್ನ ತೊಡೆಯ ಮೇಲೆ. ಆರು ವರ್ಷದ ಹಿಂದಿನ ಒಂದು ಗುರುವಾರದ ಮೇಲೆ ಅವಳ ಬೆರಳು ನಿಂತಿತು.

"ಇದು ನನ್ನ ತಮ್ಮ," ಎಂದಳು. ಬಸ್ಸಿನಲ್ಲಿ ಕೂರಬಾರದ ಜಾಗದಲ್ಲಿ ಕೂತನೆಂದು ಓಡುತ್ತಿರುವ ಬಸ್ಸಿನಿಂದ ಹೊರಗೆ ದಬ್ಬಿದ್ದರಂತೆ.

ಆ ಗುರುವಾರ ನನಗೆ ಚೆನ್ನಾಗಿ ನೆನಪಿತ್ತು. ಒಂದು ತಾಸು ಹೊಡೆದಿತ್ತು. ಉರಿಬಿಸಿಲಿನಲ್ಲಿ ಊರೆಲ್ಲ ನಿಂತಿತ್ತು. ಪರಮೇಶಪ್ಪನವರ ಬೋಳುತಲೆ ಕೆಂಪಾಗಿ ಸುಟ್ಟರೂ ರುಮಾಲು ಹಾಕಿಕೊಳ್ಳಲಿಲ್ಲ. ಅದನ್ನೇ ಹೇಳಿದೆ.

"ಬಸ್ಸಿನಲ್ಲಿ ಮೂವತ್ತು ಜನ ಇದ್ದರು. ಒಬ್ಬರೂ ಎದ್ದು ನಿಲ್ಲಲಿಲ್ಲ," ಎಂದಳು.

ನಾನು ಅವಳ ಪುಸ್ತಕದಲ್ಲಿ ಸಾಕಮ್ಮನ ಸೋಮವಾರವನ್ನು ಹುಡುಕಿದೆ. ಅಕ್ಷರ ಬೇರೆಯಾದರೂ ಪೆಟ್ಟಿಗೊಂದು ಗೀಟು ಎಳೆಯುವುದು ಇಬ್ಬರಲ್ಲೂ ಒಂದೇ. ದುಭಾಷಿ ದಿನ ಓದಿ ಹೇಳಿದ. ಅಲ್ಲಿತ್ತು, ಹದಿನಾಲ್ಕು ಗೀಟು. ನನ್ನ ಮಗಳ ಸಾರಿನ ಪಾತ್ರೆಯ ಲೆಕ್ಕ ಕಡಲಾಚೆಯ ಪುಸ್ತಕದಲ್ಲಿತ್ತು, ಆ ಪಾತ್ರೆಯ ನೆತ್ತಿಯ ಮೇಲೆ ಕೂತಿದ್ದ ನನ್ನ ಪುಸ್ತಕದಲ್ಲಿ ಖಾಲಿ. ಏನಾಗಿತ್ತು ಅವತ್ತು ಎಂದು ಅವಳು ಕೇಳಿದಳು, ಹೇಳಿದೆ. ಅವಳಿಗೆ ನೆನಪಿತ್ತು. ಗೋಪುರದ ಕೆಲಸದ ಜೊತೆಗೆ ಅವಳು ಮನೆಗೆಲಸಕ್ಕೂ ಹೋಗುತ್ತಿದ್ದಳು, ಆ ಮನೆಯಲ್ಲಿದ್ದಾಗ ಹೊಡೆಯಿತಂತೆ, ಅಲ್ಲಿಂದಲೇ ಎಣಿಸಿಕೊಂಡಳಂತೆ. ಮನೆಯೊಡತಿ ಎದ್ದು ನಿಂತು ಕಣ್ಣೊರೆಸಿಕೊಂಡು, ಆಮೇಲೆ ಇವಳಿಗೆ ಹಿತ್ತಿಲ ಬಾಗಿಲಿನಿಂದ ಹೋಗು, ಮುಂದಿನ ಕೋಣೆಯಲ್ಲಿ ನೆಂಟರಿದ್ದಾರೆ ಎಂದಳಂತೆ. ಇಬ್ಬರೂ ನಕ್ಕೆವು. ಮುದುಕ ನಗಲಿಲ್ಲ.

ಹೋಗುವ ಮುಂಚೆ ಆ ಹಾಳೆಯ ನಕಲು ಮಾಡಿ, ಅವರ ಊರಿನ ಮೊಹರು ಒತ್ತಿ ಕೊಟ್ಟಳು. ಅದನ್ನು ಎದೆಗವಚಿಕೊಂಡು ಮೆಟ್ಟಿಲಿಳಿದೆ. ಇನ್ನು ನನ್ನ ಮಗಳ ಕೆಲಸ ಯಾರೂ ಕಿತ್ತುಕೊಳ್ಳಲಾರರು ಎಂದು ನಂಬಿದೆ. ಗಂಟೆ ಹೊಡೆಯಿತಾ ಎಂದು ತಾನೇ ಕೇಳುವುದು, ಹೊಡೆದಿದೆ ಬುದ್ಧಿ, ಹದಿನಾಲ್ಕು ಪೆಟ್ಟು. ಈ ಮಾತನ್ನು ಮನೆಯಲ್ಲಿ ಎಷ್ಟು ಸಲ ಆಡಿ ನೋಡಿದೆನೋ. ಸಾಕಮ್ಮನೂ ಅವತ್ತು ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡಳು.

ಅತಿಥಿಗಳು ಹೋದ ಮೂರನೆಯ ದಿನ, ಶುಕ್ರವಾರ ಬೆಳಿಗ್ಗೆ, ಚಾವಡಿ ಸೇರಿತು. ಹಾಳೆಯನ್ನು ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದು, ಹೇಳಬೇಕಾದ್ದನ್ನು ಹೇಳಿದೆ. ಯಜಮಾನರು ಹಾಳೆ ನೋಡಿದರು. ಜನ ಎದ್ದು ನಿಲ್ಲುತ್ತಾರೇನೋ ಎಂದು ಒಂದು ಗಳಿಗೆ ನನಗನ್ನಿಸಿತು.

"ಹೊರಗಿನೋರಿಗೆ ನಮ್ಮ ಒಳಗಿನ ವಿಷಯ ಏನ್ಲಾ ಗೊತ್ತು?" ಎಂದರು ಯಜಮಾನರು. ಅವರ ದನಿ ಮೊದಲ ಸಲ ಏರಿತ್ತು. "ಅಷ್ಟು ದೂರ ಕೂತ್ಕೊಂಡು ನಮ್ಮೂರಿನ ಮೇಲೆ ಗೀಟು ಎಳೀತಾರಾ? ಇಲ್ಲಿ ಯಾರು ಯಾರ ಜೊತೆ ಹೆಂಗವ್ರೆ, ಎಷ್ಟು ತಲೆಮಾರಿಂದ ಹೊಂದ್ಕಂಡವ್ರೆ, ಅವರಿಗೇನು ಗೊತ್ತು?"

"ಅಲ್ಲಿ ಮನುಷ್ಯರನ್ನೇ ಬಸ್ಸಿಂದ ಎಸೀತಾರೆ. ನಾವು ಒಂದು ಪಾತ್ರೆ ಸಾರು ಚೆಲ್ಲಿದ್ದಕ್ಕೆ ಅವರು ನಮಗೆ ಬುದ್ಧಿ ಹೇಳೋಕೆ ಬಂದ್ರಾ?" ಎಂದಳು ಗಿರಿಜಮ್ಮ. ಅವಳ ಕಣ್ಣಲ್ಲಿ ನೀರಿತ್ತು. ಅವಳಿಗೆ ನಿಜವಾಗಿಯೂ ಅವಮಾನವಾಗಿತ್ತು.

ಆಮೇಲೆ ಒಳಗೆ ಸ್ವಲ್ಪ ಹೊತ್ತು ಪಿಸುಮಾತು ನಡೆಯಿತು. ಕಡಲಾಚೆಯವರಿಗೆ ಒಂದು ಉತ್ತರ ಹೋಗಬೇಕೆಂದು ತೀರ್ಮಾನವಾಯಿತು. ಉತ್ತರ ಯಜಮಾನರ ಕೈಯಿಂದ ಹೋದರೆ ಯಾರು ನಂಬುತ್ತಾರೆ? ಆಚೆಕೇರಿಯವನ ಕೈಯಿಂದಲೇ ಹೋಗಬೇಕು, ಅದೂ ಗಂಟೆ ಪುಸ್ತಕದಲ್ಲಿ ಬರೆದು, ನಕಲು ಮಾಡಿ. ನನ್ನನ್ನು ಮೆಟ್ಟಿಲು ಹತ್ತಲು ಹೇಳಿದರು. ಹುಟ್ಟಿದ ಮೇಲೆ ಮೊದಲ ಸಲ ಚಾವಡಿಯ ಒಳಗೆ ಕಾಲಿಟ್ಟೆ. ನೆಲ ತಣ್ಣಗಿತ್ತು.

"ಬರಿ ಕೆಂಚಯ್ಯ," ಎಂದರು ಯಜಮಾನರು. ಕೆಂಚಯ್ಯ ಎಂದು ಪೂರ್ತಿ ಹೆಸರು ಹಿಡಿದು ಕರೆದದ್ದೂ ಅದೇ ಮೊದಲು. "ನಮ್ಮೂರಿನಲ್ಲಿ ಅಂಥದ್ದೇನೂ ಇಲ್ಲ, ಎಂದೂ ಇರಲಿಲ್ಲ. ಆ ಸೋಮವಾರ ನನ್ನ ಮಗಳಿಗೆ ಯಾವ ಅನ್ಯಾಯವೂ ಆಗಿಲ್ಲ. ಇಷ್ಟೇ. ಕೆಳಗೆ ರುಜು ಹಾಕು. ಹಾಕಿದ್ರೆ ಮಗಳನ್ನ ನಾಳೆಯಿಂದಲೇ ಶಾಲೆಗೆ ಕಳಿಸು. ಒಲೆ ಹತ್ರ ಬೇಡ, ಹಿಂದ್ಗಡೆ ಪಾತ್ರೆ ತೊಳ್ಕೊಂಡಿರ್ಲಿ. ಹಾಕ್ಲಿಲ್ಲ ಅಂದ್ರೆ ಅವಳಿಗೂ ಇಲ್ಲ, ಗೋಪುರಕ್ಕೆ ನೀನೂ ಬೇಡ."

ಅಂಗಳದಲ್ಲಿ ಸಾಕಮ್ಮ ನಿಂತಿದ್ದಳು. ತಲೆ ಅಲ್ಲಾಡಿಸುತ್ತಿದ್ದಳು, ಬೇಡ, ಬೇಡ ಎಂದು. ನಾನು ನೋಡಿದೆ. ನೋಡಲಿಲ್ಲವೆಂದು ಹೇಳಿ ತಪ್ಪಿಸಿಕೊಳ್ಳುವುದಿಲ್ಲ. ಆದರೆ ನನಗೆ ಹೆದರಿಕೆಯಾಯಿತು. ಮುಂದೆ ಎಲ್ಲಿ ಹೋಗುವುದು, ಏನು ಉಣ್ಣುವುದು, ಪಾತ್ರೆಯಾದರೂ ತೊಳೆಯಲಿ, ಶಾಲೆಯ ಒಳಗಿದ್ದರೆ ಎಂದಾದರೂ ಒಲೆಯ ಹತ್ತಿರ ಬಂದಾಳು. ಹೆದರಿದವನ ತಲೆಗೆ ಇಂಥ ಬುದ್ಧಿವಂತಿಕೆ ಬೇಗ ಹೊಳೆಯುತ್ತದೆ. ಬರೆದೆ. ಅಕ್ಷರ ಗುಂಡಗೆ ಬಂತು. ರುಜು ಹಾಕಿದೆ. ಯಜಮಾನರು ನನ್ನ ಬೆನ್ನು ತಟ್ಟಲು ಕೈ ಎತ್ತಿ, ನೆನಪಾಗಿ, ಕೆಳಗಿಳಿಸಿದರು.

ಮಾರನೆಯ ದಿನ ಸಾಕಮ್ಮ ಶಾಲೆಗೆ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಊರಾಚೆಯ ಇಟ್ಟಿಗೆ ಗೂಡಿಗೆ ಕೆಲಸಕ್ಕೆ ಸೇರಿಕೊಂಡಳು. ಪಾತ್ರೆ ತೊಳೆಯಲು ಬೇರೆ ಯಾರನ್ನೋ ಇಟ್ಟುಕೊಂಡರು. ಯಾವುದಕ್ಕೆಂದು ರುಜು ಹಾಕಿದೆನೋ ಅದೂ ದಕ್ಕಲಿಲ್ಲ, ರುಜು ಮಾತ್ರ ಕಡಲು ದಾಟಿ ಹೋಯಿತು. ಮನೆಯಲ್ಲಿ ಅವಳು ನನಗೆ ಹೊತ್ತುಹೊತ್ತಿಗೆ ಮುದ್ದೆ ಇಟ್ಟಳು, ನೀರು ಇಟ್ಟಳು. ಮಾತು ಮಾತ್ರ ಇಡಲಿಲ್ಲ. ನಾನು ಗೋಪುರಕ್ಕೆ ಹೋಗಿಬರುತ್ತಿದ್ದೆ. ಗಂಟೆ ಹೊಡೆದಾಗ ಊರು ಮೊದಲಿನ ಹಾಗೇ ನಿಲ್ಲುತ್ತಿತ್ತು. ಯೆಮೋನಾಳಿಗೇನಾದರೂ ಆಯಿತೇ ಎಂದು ಪ್ರತಿ ಸಲವೂ ನನ್ನ ಎದೆ ಹಾರುತ್ತಿತ್ತು.

ನಾಲ್ಕು ತಿಂಗಳಾದ ಮೇಲೆ ಒಂದು ಕಾಗದ ಬಂತು. ಗೂಡಿಗೆ ರಜೆಯ ದಿನ, ಬೆಳಗಿನ ಹೊತ್ತು. ಅಂಚೆಯವನು ಅದನ್ನು ಸಾಕಮ್ಮನ ಕೈಗೆ ಕೊಟ್ಟ. ಅವಳು ಒಡೆದು, ಹೊಸಿಲ ಮೇಲೆ ಕೂತು, ನನ್ನನ್ನು ನೋಡದೆ ಜೋರಾಗಿ ಓದತೊಡಗಿದಳು. ನಾಲ್ಕು ತಿಂಗಳ ಮೇಲೆ ಕೇಳಿದ ಮಗಳ ದನಿ. ಇಟ್ಟಿಗೆ ಧೂಳಿಗೆ ಗೊಗ್ಗರಾಗಿತ್ತು.

ಕಾಗದ ಯೆಮೋನಾಳದು, ನಮ್ಮ ಮಾತಿನಲ್ಲಿ ಬರೆದುಕೊಟ್ಟವನು ದುಭಾಷಿ. ಕ್ಷೇಮ ಸಮಾಚಾರ ಎರಡು ಸಾಲಿನಲ್ಲಿ ಮುಗಿದಿತ್ತು. ಆಮೇಲೆ ಹೀಗಿತ್ತು: "ನಿಮ್ಮ ಊರಿನ ಉತ್ತರ ಇಲ್ಲಿಗೆ ತಲುಪಿತು, ದೊಡ್ಡವರು ಅದನ್ನು ಓದಿ ಪೆಟ್ಟಿಗೆಯಲ್ಲಿಟ್ಟರು. ಅದನ್ನು ನನಗೆ ತೋರಿಸಲಿಲ್ಲ. ನಾನು ಕೇಳಬೇಕೆಂದಿರುವುದು ಬೇರೆ. ನಾವು ಅಲ್ಲಿಂದ ಹೊರಟ ಮೂರನೆಯ ದಿನ, ಶುಕ್ರವಾರ, ಇಲ್ಲಿ ನಮ್ಮ ಗಂಟೆ ಹೊಡೆಯಲು ಶುರುವಾಗಿ ಇಡೀ ಹಗಲು ನಿಲ್ಲಲಿಲ್ಲವಂತೆ. ನನ್ನ ಬದಲು ಕೂತಿದ್ದವಳು ಗೀಟು ಎಳೆದೆಳೆದು ಮೂರು ಹಾಳೆ ತುಂಬಿಸಿದ್ದಾಳೆ. ನಿಂತು ನಿಂತು ಜನರ ಕಾಲು ಬಾತುಹೋದವು, ಇಬ್ಬರು ಮುದುಕರು ಬಿದ್ದರು. ನಮ್ಮ ಪುಸ್ತಕದಲ್ಲಿ ಇಷ್ಟು ದೊಡ್ಡದು ಹಿಂದೆಂದೂ ಇಲ್ಲ. ಎಷ್ಟು ಮಂದಿ ಸತ್ತರೋ ಎಂದು ಇಲ್ಲಿ ಎಲ್ಲರೂ ಹೆದರಿದ್ದಾರೆ. ಪೇಪರಿನಲ್ಲಿ ಹುಡುಕಿದರೆ ಏನೂ ಸಿಗಲಿಲ್ಲ. ಆ ಶುಕ್ರವಾರ ನಿಮ್ಮೂರಿನಲ್ಲಿ ಏನಾಯಿತು? ಯಾರಿಗೆ ಆಯಿತು? ದಯವಿಟ್ಟು ಬರೆಯಿರಿ."

ಸಾಕಮ್ಮ ಕಾಗದವನ್ನು ಮಡಿಚಲಿಲ್ಲ. ಒಳಗೆ ಹೋಗಿ ಬಿಳಿ ಹಾಳೆ, ಪೆನ್ನು ತಂದು ನನ್ನೆದುರು ಕೂತಳು.

"ಏನು ಬರೀಲಿ ಅಪ್ಪಾ?"

"ಯಾರೂ ಸತ್ತಿಲ್ಲ ಅಂತ ಬರಿಯವ್ವ."

ಅವಳು ಪೆನ್ನಿನ ಮುಚ್ಚಳ ತೆಗೆದಳು, ಬರೆಯಲಿಲ್ಲ. "ಅದು ನಿಜ್ವಾ?" ಎಂದಳು.

ಹೊರಗೆ ಯಾರೋ ಮಾತಾಡಿಕೊಂಡು ಹೋದರು, ಅವರು ದಾಟಿ ಹೋಗುವ ತನಕ ಕಾದೆ. ಅವಳೂ ಕಾದಳು. ಆಮೇಲೆ, ಆ ಶುಕ್ರವಾರ ರುಜು ಹಾಕಿದವನ ಹೆಸರು ಬರಿಯವ್ವ ಎಂದು ನನ್ನ ಹೆಸರು ಹೇಳಿದೆ.